ಹಳೆಯ ಅಡೆಗಲ್ಲು: ಆರಿಸುವುದು, ಹಸನು ಮಾಡುವುದು, ಬಳಸುವುದು

"ಹಳೆಯ ಅಡೆಗಲ್ಲೊಂದು ಸಿಕ್ಕಿದೆ. ಮೇಲ್ಭಾಗ ನಡುವೆ ಸ್ವಲ್ಪ ತಗ್ಗಾಗಿದೆ, ಅಂಚು ಅಲ್ಲಲ್ಲಿ ಹಾರಿದೆ. ಉಜ್ಜಿಸಿ ಸಮ ಮಾಡಿಸಲಾ?" ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅಡೆಗಲ್ಲು ಎಂದರೆ ಕಮ್ಮಾರರು ಕಾದ ಕಬ್ಬಿಣವನ್ನು ಮೇಲಿಟ್ಟು ಬಡಿಯುವ ಭಾರದ ಕಬ್ಬಿಣದ ದಿಮ್ಮಿ. ಉತ್ತರ ಒಂದೇ: ಬೇಡ, ದಯವಿಟ್ಟು ಬೇಡ. ಅದರ ಹಿಂದೆಯೇ ಇನ್ನಷ್ಟು ಪ್ರಶ್ನೆಗಳು ಬರುತ್ತವೆ. ಕೊಳ್ಳುವಾಗ ಏನು ನೋಡಬೇಕು, ತುಕ್ಕು ಹೇಗೆ ತೆಗೆಯಬೇಕು, ಎಷ್ಟು ಎತ್ತರಕ್ಕೆ ಕೂರಿಸಬೇಕು, ಜೊತೆಗೆ ಸಿಕ್ಕಿದ ಇಕ್ಕಳ, ಸುತ್ತಿಗೆ, ವೈಸ್‌ಗಳನ್ನು (ಕೆಲಸದ ತುಂಡನ್ನು ದವಡೆಯಲ್ಲಿ ಬಿಗಿದು ಹಿಡಿಯುವ ಸಲಕರಣೆ) ಏನು ಮಾಡಬೇಕು. ಎಲ್ಲದಕ್ಕೂ ಒಂದೇ ಕಡೆ ಉತ್ತರ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಉಜ್ಜುವುದು ಯಾಕೆ ಬೇಡ ಎಂದು ತಿಳಿಯಬೇಕಾದರೆ ಅಡೆಗಲ್ಲಿನ ಒಳಗೆ ಏನಿದೆ ಎಂದು ಗೊತ್ತಿರಬೇಕು. ಅಲ್ಲಿಂದಲೇ ಶುರು ಮಾಡೋಣ.

ಹಂತ 1: ಅಡೆಗಲ್ಲಿನ ಮೈ ತಿಳಿಯಿರಿ

ನಾವು ಬಡಿಯುವ ಮೇಲಿನ ಚಪ್ಪಟೆ ಭಾಗ ಮುಖ. ಒಂದು ಕಡೆ ಚೂಪಾಗಿ ಚಾಚಿಕೊಂಡಿರುವುದು ಕೊಂಬು. ಕಬ್ಬಿಣವನ್ನು ಬಾಗಿಸುವುದು, ಬಳೆಯಂತೆ ಸುತ್ತುವುದು ಅದರ ಮೇಲೆ. ಕೊಂಬಿಗೂ ಮುಖಕ್ಕೂ ನಡುವೆ ಒಂದು ಸಣ್ಣ ಮೆಟ್ಟಿಲು ಇರುತ್ತದೆ. ಅದಕ್ಕೆ ಹದ ಹಾಕಿರುವುದಿಲ್ಲ, ಅಂದರೆ ಕಾಯಿಸಿ ತಣಿಸಿ ಗಡಸು ಮಾಡಿರುವುದಿಲ್ಲ, ಮೆತ್ತಗಿರುತ್ತದೆ. ಚಾಣದಿಂದ ಕತ್ತರಿಸುವ ಕೆಲಸ ಅಲ್ಲಿ. ಕೊಂಬಿನ ಎದುರು ತುದಿ ಹಿಮ್ಮಡಿ. ಅದರ ಮೇಲೆ ಎರಡು ತೂತುಗಳಿರುತ್ತವೆ. ಚೌಕ ತೂತಿನಲ್ಲಿ ಹಾರ್ಡಿ ನಿಲ್ಲಿಸುತ್ತೇವೆ. ಹಾರ್ಡಿ ಎಂದರೆ ಬಾಯಿ ಮೇಲಕ್ಕಿರುವ ಉಳಿ, ಕಾದ ಕಬ್ಬಿಣವನ್ನು ಅದರ ಮೇಲಿಟ್ಟು ತುಂಡರಿಸುತ್ತಾರೆ. ದುಂಡು ತೂತು ಕಾದ ಕಬ್ಬಿಣಕ್ಕೆ ರಂಧ್ರ ಹೊಡೆಯುವಾಗ ಬೇಕು. ನಡುವಿನ ಕಿರಿದಾದ ಭಾಗ ಸೊಂಟ, ಕೆಳಗಿನದು ಪಾದ.

ಹಳೆಯ ಅಡೆಗಲ್ಲುಗಳಲ್ಲಿ ಹೆಚ್ಚಿನವು ಎರಡು ಲೋಹದವು. ಮೈ ಮೆದು ಕಬ್ಬಿಣದ್ದು. ಮುಖಕ್ಕೆ ಮಾತ್ರ ಉಕ್ಕಿನ ಹಲಗೆಯನ್ನು ಬೆಸೆದು ಹದ ಹಾಕಿರುತ್ತಾರೆ. ಈ ಹಲಗೆಯ ದಪ್ಪ ಸುಮಾರು 10ರಿಂದ 15 ಮಿಲಿಮೀಟರ್ ಅಷ್ಟೇ. ಅದರಲ್ಲೂ ಗಡಸುತನ ಮೇಲೆ ಜಾಸ್ತಿ, ಕೆಳಗೆ ಹೋದಂತೆ ಕಡಿಮೆ. ಅಡೆಗಲ್ಲಿನ ಬೆಲೆಯೆಲ್ಲ ಆ ಬೆರಳಗಲದ ಉಕ್ಕಿನಲ್ಲಿದೆ. ಎರಡು ಮಿಲಿಮೀಟರ್ ಉಜ್ಜಿದಿರಿ ಎಂದುಕೊಳ್ಳಿ. ಅತ್ಯಂತ ಗಟ್ಟಿಯಾದ ಪದರವೇ ಹೋಯಿತು, ಅದನ್ನು ಮರಳಿ ತರಲು ಆಗುವುದಿಲ್ಲ. ನನ್ನ ಮೊದಲ ಅಡೆಗಲ್ಲನ್ನು ನಾನು ಹೀಗೆಯೇ ಕಳೆದುಕೊಂಡೆ. ಕನ್ನಡಿಯಂತೆ ಹೊಳೆಯುತ್ತಿತ್ತು, ಆದರೆ ಪ್ರತಿ ಪೆಟ್ಟಿಗೂ ಗುಳಿ ಬೀಳುತ್ತಿತ್ತು.

ಎಲ್ಲವೂ ಹೀಗಿಲ್ಲ. ಸ್ವೀಡನ್ನಿನ ಸೋಡರ್‌ಫೋರ್ಸ್, ಕೋಲ್ಸ್ವಾ ಅಡೆಗಲ್ಲುಗಳು ಇಡಿಯಾಗಿ ಎರಕದ ಉಕ್ಕಿನವು. ಅಮೆರಿಕದ ಫಿಷರ್ ಮತ್ತು ವಲ್ಕನ್‌ಗಳ ಮೈ ಬೀಡು ಕಬ್ಬಿಣದ್ದು, ಮುಖಕ್ಕೆ ಉಕ್ಕಿನ ಹಲಗೆ. ಬೀಡು ಎಂದರೆ ಅಚ್ಚಿಗೆ ಹೊಯ್ದ, ಬಡಿದರೆ ಒಡೆಯುವ ಕಬ್ಬಿಣ. ಈ ವ್ಯತ್ಯಾಸ ಮುಂದೆ ಪರೀಕ್ಷೆ ಮಾಡುವಾಗ ಮುಖ್ಯ.

ಹಂತ 2: ಎಷ್ಟು ತೂಕದ್ದು ಬೇಕು?

ಕಮ್ಮಾರರಲ್ಲಿ ಒಂದು ಹಳೆ ಲೆಕ್ಕವಿದೆ. ಸುತ್ತಿಗೆಯ ತೂಕದ 50 ಪಟ್ಟು ಅಡೆಗಲ್ಲಿನ ತೂಕ ಇರಲಿ. ಒಂದು ಕಿಲೋ ಸುತ್ತಿಗೆಯಲ್ಲಿ ಕೆಲಸ ಮಾಡುವವರಿಗೆ 50 ಕಿಲೋ ಸಾಕು. 60ರಿಂದ 80 ಕಿಲೋದ್ದು ಸಿಕ್ಕರೆ ಬಹುಕಾಲ ಬೇರೆಯದು ಬೇಕೆನಿಸುವುದಿಲ್ಲ. ಇದಕ್ಕಿಂತ ಹಗುರವಾದದ್ದು ಪ್ರತಿ ಪೆಟ್ಟಿಗೆ ಕುಣಿಯುತ್ತದೆ. ನಿಮ್ಮ ಶ್ರಮದ ಪಾಲು ಆ ಕುಣಿತಕ್ಕೆ ಹೋಗುತ್ತದೆ.

ತೂಕವನ್ನು ಸಾಮಾನ್ಯವಾಗಿ ಸೊಂಟದ ಪಕ್ಕದಲ್ಲಿ ಕೆತ್ತಿರುತ್ತಾರೆ. ಓದುವಾಗ ಮೋಸ ಹೋಗಬೇಡಿ. ಇಂಗ್ಲೆಂಡಿನ ಹಳೆಯ ಅಡೆಗಲ್ಲುಗಳಲ್ಲಿ ಮೂರು ಅಂಕಿಗಳು ದೂರ ದೂರ ಇರುತ್ತವೆ. ಮೊದಲನೆಯದು ಹಂಡ್ರೆಡ್‌ವೇಟ್, ಅಂದರೆ 112 ಪೌಂಡ್. ಎರಡನೆಯದು ಅದರ ಕಾಲು ಭಾಗ, 28 ಪೌಂಡ್. ಮೂರನೆಯದು ಬಿಡಿ ಪೌಂಡ್. ಹಾಗಾಗಿ "1 1 14" ಎಂದಿದ್ದರೆ ಸಾವಿರದ ನೂರ ಹದಿನಾಲ್ಕು ಅಲ್ಲ. 112, 28, 14 ಕೂಡಿಸಿ, 154 ಪೌಂಡ್. ಹತ್ತಿರ ಹತ್ತಿರ 70 ಕಿಲೋ. ನಡುವಿನ ಅಂಕಿ 3 ದಾಟುವುದಿಲ್ಲ, ಕೊನೆಯದು 27 ದಾಟುವುದಿಲ್ಲ. ದಾಟಿದ್ದರೆ ಅದು ಬೇರೆ ಲೆಕ್ಕದ್ದು. ಅಮೆರಿಕದ ಹೇ-ಬಡ್ಡನ್, ಟ್ರೆಂಟನ್‌ಗಳಲ್ಲಿ ತೂಕ ನೇರವಾಗಿ ಪೌಂಡ್‌ನಲ್ಲೇ ಇರುತ್ತದೆ.

ಗುರುತು ಓದಲು ಒಂದು ಉಪಾಯ. ಪಕ್ಕವನ್ನು ತಂತಿ ಬ್ರಷ್‌ನಿಂದ ಮೆಲ್ಲಗೆ ತಿಕ್ಕಿ, ಸೀಮೆಸುಣ್ಣ ಸವರಿ, ಟಾರ್ಚ್ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಡಿ. ಅಕ್ಷರಗಳು ಎದ್ದು ಕಾಣುತ್ತವೆ. ಪೀಟರ್ ರೈಟ್ ಕಂಪನಿಯದಾದರೆ ದುಂಡಗೆ "ಸಾಲಿಡ್ ರಾಟ್" ಎಂಬ ಇಂಗ್ಲಿಷ್ ಅಕ್ಷರಗಳು ಸಿಗಬಹುದು. ಫಿಷರ್‌ನಲ್ಲಿ ಹದ್ದಿನ ಚಿತ್ರ ಉಬ್ಬಿ ನಿಂತಿರುತ್ತದೆ. "ಇಂಗ್ಲೆಂಡ್" ಎಂದು ದೇಶದ ಹೆಸರಿದ್ದರೆ ಅದು ಬಹುಮಟ್ಟಿಗೆ 1891ರ ನಂತರದ್ದು. ಆಗಿನಿಂದ ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಹಾಕಬೇಕಾಯಿತು. ಆದರೆ ಹೆಸರು ಅಳಿಸಿದೆ ಎಂದು ಒಳ್ಳೆಯ ಅಡೆಗಲ್ಲನ್ನು ಬಿಡಬೇಡಿ. ಪೆಟ್ಟು ತಾಳುವುದು ಉಕ್ಕು, ಹೆಸರಲ್ಲ.

ಹಂತ 3: ಸ್ಥಳದಲ್ಲೇ ಪರೀಕ್ಷೆ ಮಾಡಿ

ಈ ಹಂತದಲ್ಲಿ ಆತುರ ಬೇಡ. ಅರ್ಧ ಗಂಟೆ ಹಿಡಿದರೂ ಹಿಡಿಯಲಿ. ಜೊತೆಗೆ ಒಯ್ಯಬೇಕಾದ್ದು ಇಷ್ಟು: ಒಂದು ಸಣ್ಣ ಸುತ್ತಿಗೆ, 25 ಮಿಲಿಮೀಟರ್ ಅಡ್ಡಳತೆಯ ಉಕ್ಕಿನ ಬೇರಿಂಗ್ ಗುಂಡು, ಅಳತೆ ಪಟ್ಟಿ, ಹಳೆಯ ಅರ, ಸೀಮೆಸುಣ್ಣ, ಚೂರು ಸೀಮೆಎಣ್ಣೆ, ಬಟ್ಟೆ.

*ಗುಂಡಿನ ಪರೀಕ್ಷೆ.* ಇದೇ ಎಲ್ಲಕ್ಕಿಂತ ನಂಬಬಹುದಾದದ್ದು. ಅಳತೆ ಪಟ್ಟಿಯನ್ನು ಮುಖದ ಮೇಲೆ ನೇರವಾಗಿ ನಿಲ್ಲಿಸಿ. 25 ಸೆಂಟಿಮೀಟರ್ ಎತ್ತರದಿಂದ ಗುಂಡನ್ನು ಬಿಡಿ, ಒತ್ತಿ ಎಸೆಯಬೇಡಿ. 20 ಸೆಂಟಿಮೀಟರ್ ಆಸುಪಾಸಿಗೆ ಮೇಲೆದ್ದರೆ, ಅಂದರೆ ಶೇಕಡಾ 80, ಧೈರ್ಯವಾಗಿ ಕೊಳ್ಳಿ. ಶೇಕಡಾ 70 ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅರ್ಧಕ್ಕಿಂತ ಕಡಿಮೆಯಾದರೆ ಬಿಟ್ಟುಬಿಡಿ. ಒಂದೇ ಕಡೆ ನೋಡಿ ಮುಗಿಸಬೇಡಿ. ನಡುವೆ, ನಾಲ್ಕೂ ಅಂಚಿನ ಬಳಿ, ಹಿಮ್ಮಡಿಯ ಮೇಲೆ, ಹತ್ತು ಹದಿನೈದು ಕಡೆ ಬಿಟ್ಟು ನೋಡಿ. ಹಿಮ್ಮಡಿಯಲ್ಲಿ ಸ್ವಲ್ಪ ಕಡಿಮೆ ಬರುವುದು ಸಹಜ, ಅಲ್ಲಿ ಕೆಳಗೆ ಆಸರೆಯಿಲ್ಲ. ಆದರೆ ಸೊಂಟದ ನೇರ ಮೇಲೆ ಒಂದು ಕಡೆ ಮಾತ್ರ ಗುಂಡು ಸತ್ತಂತೆ ಬಿದ್ದರೆ, ಅಲ್ಲಿ ಉಕ್ಕಿನ ಹಲಗೆ ಮೈಯಿಂದ ಬಿಟ್ಟುಕೊಂಡಿದೆ ಎಂದೇ ತಿಳಿಯಿರಿ. ಗುಂಡು ಬಿಡುವ ಮೊದಲು ಆ ಜಾಗದ ತುಕ್ಕು ಒರೆಸಿ. ತುಕ್ಕಿನ ಪದರ ಗುಂಡಿನ ಶಕ್ತಿಯನ್ನು ನುಂಗಿ ತಪ್ಪು ಲೆಕ್ಕ ಕೊಡುತ್ತದೆ.

*ನಾದದ ಪರೀಕ್ಷೆ.* ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ಠಣ್ ಎಂದರೆ ಒಳ್ಳೆಯದು. ಬುಡ್ ಬುಡ್ ಎಂದರೆ ಬಿರುಕಿರಬಹುದು. ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಬೀಡಿನ ಮೈಯ ಫಿಷರ್, ವಲ್ಕನ್‌ಗಳು ಎಷ್ಟು ಚೆನ್ನಾಗಿದ್ದರೂ ನಾದ ಕೊಡುವುದಿಲ್ಲ. ಅವು ಹುಟ್ಟಿನಿಂದಲೇ ಮೌನ. ಎರಡು, ಕೆಳಗಿನ ಮರದ ಕೊರಡಿಗೆ ಬಿಗಿಯಾಗಿ ಕಟ್ಟಿದ್ದರೆ ಯಾವುದೂ ಸರಿಯಾಗಿ ನಾದ ಕೊಡುವುದಿಲ್ಲ. ಅದಕ್ಕೇ ನಾದವನ್ನು ಎರಡನೆಯ ಸಾಕ್ಷಿಯಾಗಿ ಇಟ್ಟುಕೊಳ್ಳಿ. ಮೊದಲ ಸಾಕ್ಷಿ ಗುಂಡೇ.

*ಅರದ ಪರೀಕ್ಷೆ.* ಮುಖದ ಒಂದು ಮೂಲೆಯಲ್ಲಿ ಅರವನ್ನು ಒಂದೇ ಒಂದು ಸಲ ಎಳೆಯಿರಿ. ಜಾರಿದರೆ ಹದ ಉಳಿದಿದೆ. ಬೆಣ್ಣೆಯಂತೆ ಕಚ್ಚಿದರೆ ಹದ ಹೋಗಿದೆ. ಬೆಂಕಿ ಅನಾಹುತದಲ್ಲಿ ಸಿಕ್ಕಿದ ಅಡೆಗಲ್ಲುಗಳು ಹೀಗಾಗಿರುತ್ತವೆ. ಮೈಯೆಲ್ಲ ಒಂದೇ ಸಮನಾದ ಬೂದು ಹೊಪ್ಪಳೆ, ಅಂದರೆ ಕಾದ ಕಬ್ಬಿಣದ ಮೇಲೆ ಏಳುವ ಪದರ, ಕಂಡರೆ ಅನುಮಾನಪಡಿ. ಮತ್ತೆ ಹದ ಹಾಕುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಅಷ್ಟು ದೊಡ್ಡ ಗಟ್ಟಿಯನ್ನು ಕೆಂಪಗೆ ಕಾಯಿಸಿ, ಧಾರಾಳ ನೀರು ಹರಿಸಿ, ಒಂದೇ ಏಟಿಗೆ ತಣಿಸಬೇಕು.

*ಬಿರುಕು ಹುಡುಕುವುದು.* ಅನುಮಾನ ಬಂದ ಕಡೆ ಸೀಮೆಎಣ್ಣೆ ಸವರಿ ಐದು ನಿಮಿಷ ಬಿಡಿ. ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗಿನ ಎಣ್ಣೆ ಮೆಲ್ಲಗೆ ಜಿನುಗಿ ಕಪ್ಪು ಗೆರೆ ಮೂಡುತ್ತದೆ. ಚೌಕ ತೂತಿನ ಮೂಲೆಗಳು, ಕೊಂಬು ಮೈ ಸೇರುವ ಜಾಗ, ಸೊಂಟ ಈ ಮೂರನ್ನು ತಪ್ಪದೆ ನೋಡಿ. ಸೊಂಟದಲ್ಲಿ ಅಡ್ಡ ಬಿರುಕಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಇನ್ನು ಯಾವ ದೋಷಕ್ಕೆ ಹೆದರಬೇಕಿಲ್ಲ? ಮುಖದ ನಡುವೆ ಎರಡು ಮೂರು ಮಿಲಿಮೀಟರ್ ತಗ್ಗಿದ್ದರೆ ತೊಂದರೆಯಿಲ್ಲ. ಸೊಟ್ಟಗಾದ ಸರಳನ್ನು ನೆಟ್ಟಗೆ ಮಾಡುವಾಗ ಆ ತಗ್ಗು ನೆರವಿಗೇ ಬರುತ್ತದೆ. ಅಂಚು ಅಲ್ಲಲ್ಲಿ ಹಾರಿದ್ದರೂ ಸರಿ. ಒಂದು ಅಂಗೈಯಷ್ಟು ಉದ್ದದ ಒಳ್ಳೆಯ ಅಂಚು ಸಿಕ್ಕರೆ ಬೇಕಾದಷ್ಟು ಕೆಲಸವಾಗುತ್ತದೆ. ಮೆಟ್ಟಿಲ ಮೇಲಿನ ಚಾಣದ ಗಾಯಗಳಂತೂ ಪ್ರಾಮಾಣಿಕ ದುಡಿಮೆಯ ಗುರುತು. ಆದರೆ ಮುಖ ಹೊಸದಾಗಿ ಉಜ್ಜಿ ಫಳಫಳ ಹೊಳೆಯುತ್ತಿದ್ದರೆ, ಅಥವಾ ದಪ್ಪ ಬಣ್ಣ ಬಳಿದಿದ್ದರೆ, ಎರಡು ಪಟ್ಟು ಎಚ್ಚರ ವಹಿಸಿ. ಹಲಗೆಯ ದಪ್ಪ ಎಷ್ಟು ಉಳಿದಿದೆ ಎಂದು ಪಕ್ಕದಿಂದ ನೋಡಿ. ಬೆಸುಗೆಯ ಗೆರೆ ಬಹಳ ಸಲ ಕಣ್ಣಿಗೆ ಕಾಣುತ್ತದೆ.

ಪೂರ್ತಿ ಬೀಡಿನಿಂದ ಎರಕ ಹೊಯ್ದು, ಅಡೆಗಲ್ಲಿನ ಆಕಾರ ಮಾತ್ರ ಕೊಟ್ಟ ವಸ್ತುಗಳೂ ಇವೆ. ಮೈ ಮರಳು ಮರಳಾಗಿ, ಅಚ್ಚಿನ ಕೂಡುಗೆರೆ ಕೊಂಬಿನ ಕೆಳಗೆ ಉದ್ದಕ್ಕೂ ಇರುತ್ತದೆ. ಗುಂಡು ಮೇಲೇಳುವುದಿಲ್ಲ. ಅವನ್ನು ಕೊಳ್ಳುವ ಬದಲು ಒಂದು ಭಾರವಾದ ಉಕ್ಕಿನ ಗಟ್ಟಿಯನ್ನೋ ರೈಲು ಹಳಿಯ ತುಂಡನ್ನೋ ನೆಟ್ಟಗೆ ನಿಲ್ಲಿಸಿ, ಅದರ ತುದಿಯ ಮೇಲೆ ಬಡಿಯಿರಿ. ಹಳಿಯನ್ನು ಮಲಗಿಸಿದರೆ ಸ್ಪ್ರಿಂಗಿನಂತೆ ಅದುರುತ್ತದೆ. ನಿಲ್ಲಿಸಿದರೆ ಇಡೀ ತೂಕ ಪೆಟ್ಟಿನ ನೇರ ಕೆಳಗೆ ಬರುತ್ತದೆ. ಕಲಿಯಲು ಇದು ಧಾರಾಳ ಸಾಕು.

ಹಂತ 4: ಜೊತೆಯ ಸಲಕರಣೆಗಳು

*ಕಾಲು ವೈಸ್.* ಒಂದು ಉದ್ದ ಕಾಲು ನೆಲಕ್ಕೆ ಊರಿ ನಿಲ್ಲುವ ವೈಸ್ ಇದು. ಪೆಟ್ಟಿನ ಭಾರ ಕಾಲಿನ ಮೂಲಕ ನೆಲಕ್ಕಿಳಿಯುವುದರಿಂದ, ಸಾಮಾನ್ಯ ಬೆಂಚ್ ವೈಸ್ ಒಡೆದುಹೋಗುವ ಕೆಲಸವನ್ನೂ ತಾಳುತ್ತದೆ. ದವಡೆ, ತಿರುಪು, ತಿರುಪಿನ ಗೂಡು, ಸ್ಪ್ರಿಂಗ್, ಮೇಜಿಗೆ ಹಿಡಿಸುವ ಪಟ್ಟಿ, ಇವೆಲ್ಲ ಇವೆಯೇ ನೋಡಿ. ಸ್ಪ್ರಿಂಗ್, ಪಟ್ಟಿ ಇಲ್ಲದಿದ್ದರೆ ನೀವೇ ಮಾಡಿಕೊಳ್ಳಬಹುದು. ತಿರುಪು ಸವೆದಿದ್ದರೆ ಕಷ್ಟ. ದವಡೆಯನ್ನು ಅರ್ಧ ತೆರೆದು ತಿರುಪನ್ನು ಹಿಂದೆ ಮುಂದೆ ಎಳೆದು ನೋಡಿ. ಜಾಸ್ತಿ ಆಟವಿದ್ದರೆ ಎಳೆಗಳು ಸವೆದಿವೆ. ಮುಚ್ಚಿ ನೋಡಿದರೆ ತಿಳಿಯುವುದಿಲ್ಲ, ಹೆಚ್ಚು ಬಳಕೆಯಾಗುವ ಎಳೆಗಳು ಬೇರೆ.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ವೈಸ್‌ಗಳಲ್ಲಿ ತಿರುಪಿನ ಗೂಡಿನ ಒಳಗಿನ ಎಳೆಗಳನ್ನು ಹಿತ್ತಾಳೆಯಿಂದ ಬೆಸೆದಿರುತ್ತಾರೆ. ತುಕ್ಕು ಬಿಡಿಸಲು ಅದನ್ನು ಕುಲುಮೆಗೆ ಹಾಕಿದರೆ ಹಿತ್ತಾಳೆ ಕರಗಿ ಎಳೆಗಳು ಕಳಚುತ್ತವೆ. ಬಿಗಿದುಕೊಂಡಿದ್ದರೆ ತೂರುವ ಎಣ್ಣೆ ಹಾಕಿ ದಿನಗಟ್ಟಲೆ ಬಿಡಿ. ದಿನಕ್ಕೊಮ್ಮೆ ಮೆಲ್ಲಗೆ ತಟ್ಟಿ. ತಾಳ್ಮೆ ಒಂದೇ ದಾರಿ.

*ಸುತ್ತಿಗೆ.* ಹೊಸಬರಿಗೆ 800 ಗ್ರಾಂನಿಂದ 1.2 ಕಿಲೋ. ಭಾರ ಹೆಚ್ಚಾದರೆ ಕೆಲಸ ಬೇಗ ಆಗುತ್ತದೆ ಎನ್ನುವುದು ತಪ್ಪು. ದಣಿದ ಕೈ ಗುರಿ ತಪ್ಪುತ್ತದೆ, ಗುರಿ ತಪ್ಪಿದ ಸುತ್ತಿಗೆ ಅಡೆಗಲ್ಲಿನ ಅಂಚು ಹಾರಿಸುತ್ತದೆ.

*ಇಕ್ಕಳ.* ಬಾಯಿ ನೋಡಿ ಕೊಳ್ಳಿ. ದುಂಡು ಸರಳು ಹಿಡಿಯುವ ಬಾಯಿಯೇ ಬೇರೆ, ಚಪ್ಪಟೆ ಪಟ್ಟಿ ಹಿಡಿಯುವ ಬಾಯಿಯೇ ಬೇರೆ. ಹಳೆಯ ಇಕ್ಕಳಗಳ ರಾಶಿ ಸಿಕ್ಕರೆ ಬಿಡಬೇಡಿ. ಬಾಯಿ ಸರಿಯಿಲ್ಲದಿದ್ದರೂ ಕಾಯಿಸಿ ತಿದ್ದಿಕೊಳ್ಳಬಹುದು.

*ಗಾಳಿ ಯಂತ್ರ.* ತಿದಿಯಾದರೆ ಚರ್ಮದ ಮಡಿಕೆಗಳು ಸೀಳಿವೆಯೇ ನೋಡಿ. ಕೈಯಲ್ಲಿ ತಿರುಗಿಸುವ ಬ್ಲೋವರ್ ಆದರೆ ಹಿಡಿಯನ್ನು ಒಮ್ಮೆ ತಿರುಗಿಸಿ ಬಿಟ್ಟುಬಿಡಿ. ಸ್ವಲ್ಪ ಹೊತ್ತು ತಾನೇ ಸುತ್ತಿದರೆ ಒಳಗಿನ ಹಲ್ಲುಗಾಲಿಗಳು ಸರಿಯಿವೆ. ಕರಕರ ಎಂದರೆ ಬಿಚ್ಚಿ ನೋಡಬೇಕು. ಅಡಿಯಲ್ಲಿ ಎಣ್ಣೆ ಜಿನುಗುವುದನ್ನು ದೋಷವೆಂದುಕೊಳ್ಳಬೇಡಿ, ಬಹಳಷ್ಟು ಹಳೆಯ ಬ್ಲೋವರ್‌ಗಳ ಸ್ವಭಾವವೇ ಅದು. ತೆಳು ಎಣ್ಣೆ ಹಾಕುತ್ತಿರಿ. ಗ್ರೀಸ್ ತುಂಬಬೇಡಿ, ಗಾಲಿಗಳು ಭಾರವಾಗುತ್ತವೆ.

ಹಂತ 5: ತುಕ್ಕು ತೆಗೆಯಿರಿ

ಅಡೆಗಲ್ಲಿಗೆ ಬೇಕಾದ್ದು ತಂತಿ ಬ್ರಷ್, ಎಣ್ಣೆ, ಬಟ್ಟೆ. ಅಷ್ಟೇ. ಗ್ರೈಂಡರ್‌ಗೆ ತಂತಿ ಬಟ್ಟಲು ಹಾಕಿ ಮೈ ತಿಕ್ಕಬಹುದು, ಅದು ತುಕ್ಕನ್ನು ತೆಗೆಯುತ್ತದೆ, ಉಕ್ಕನ್ನು ಮುಟ್ಟುವುದಿಲ್ಲ. ಉಜ್ಜುವ ಕಲ್ಲನ್ನು ಮಾತ್ರ ಗ್ರೈಂಡರ್‌ಗೆ ಹಾಕಲೇಬೇಡಿ. ಕನ್ನಡಕ ಕಡ್ಡಾಯ, ಬ್ರಷ್‌ನ ತಂತಿಗಳು ಸೂಜಿಯಂತೆ ಹಾರುತ್ತವೆ. ಹಳೆಯ ಬಣ್ಣವಿದ್ದರೆ ಅದರಲ್ಲಿ ಸೀಸ ಇರಬಹುದು. ಒಣ ಪುಡಿ ಎಬ್ಬಿಸಬೇಡಿ, ಮಾಸ್ಕ್ ಇಲ್ಲದೆ ಕೆಲಸ ಮಾಡಬೇಡಿ.

ಮುಖ ಹೊಳೆಯುವುದು ಹೇಗೆ ಎಂದು ಕೇಳುತ್ತಾರೆ. ಬಳಸಿ, ತಾನೇ ಹೊಳೆಯುತ್ತದೆ. ಕಾದ ಕಬ್ಬಿಣ ಮತ್ತು ಹೊಪ್ಪಳೆ ದಿನಾ ಅದನ್ನು ತಿಕ್ಕುತ್ತಲೇ ಇರುತ್ತವೆ.

ಇಕ್ಕಳ, ಸುತ್ತಿಗೆ ತಲೆ, ಚಾಣಗಳಂಥ ಚಿಕ್ಕ ಸಾಮಾನಿಗೆ ವಿನೆಗರ್ ಒಳ್ಳೆಯದು. ಒಂದು ದಿನ ಮುಳುಗಿಸಿಡಿ, ಮಧ್ಯೆ ಮಧ್ಯೆ ತೆಗೆದು ನೋಡುತ್ತಿರಿ. ತೆಗೆದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಸವರಿ. ಈ ಕೊನೆಯ ಕೆಲಸ ಮರೆತರೆ ಗಂಟೆಯೊಳಗೆ ಹೊಸ ತುಕ್ಕು ಏಳುತ್ತದೆ. ಸ್ಪ್ರಿಂಗ್‌ಗಳನ್ನು ಮಾತ್ರ ವಿನೆಗರ್‌ಗೆ ಹಾಕಬೇಡಿ, ಸ್ಪ್ರಿಂಗಿನ ಉಕ್ಕು ಆಮ್ಲದಲ್ಲಿ ಪೆಡಸಾಗಿ ಮುರಿಯಬಹುದು.

ತುಕ್ಕು ದಪ್ಪವಾಗಿದ್ದರೆ ವಿದ್ಯುತ್ತಿನ ದಾರಿಯಿದೆ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ. 12 ವೋಲ್ಟ್ ಬ್ಯಾಟರಿ ಚಾರ್ಜರ್‌ನ ಋಣ ತಂತಿಯನ್ನು ಸಲಕರಣೆಗೆ, ಧನ ತಂತಿಯನ್ನು ಒಂದು ಬೇಡದ ಕಬ್ಬಿಣದ ತುಂಡಿಗೆ ಕೊಡಿ. ಎರಡೂ ಒಂದಕ್ಕೊಂದು ತಾಗಬಾರದು. ತಂತಿ ಅದಲುಬದಲಾದರೆ ಸಲಕರಣೆಯೇ ಕರಗುತ್ತದೆ. ಬೇಡದ ತುಂಡಾಗಿ ಸ್ಟೇನ್‌ಲೆಸ್ ಸ್ಟೀಲ್ ಹಾಕಲೇಬೇಡಿ. ಅದರ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಬಯಲಿನಲ್ಲೇ ಮಾಡಿ. ಕೈ ಹಾಕುವ ಮುನ್ನ ಕರೆಂಟ್ ಆರಿಸಿ.

ಕೊನೆಗೆ ಅಡೆಗಲ್ಲಿನ ಮೈಗೆ, ವೈಸ್‌ಗೆ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ ಒಣಗಲು ಬಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ.

ಹಂತ 6: ರಿಪೇರಿ, ಬೇಕಾದಷ್ಟೇ

ಅಂಚುಗಳಿಂದ ಶುರು ಮಾಡಿ. ಹಾರಿದ ಅಂಚು ಚೂಪಾಗಿದ್ದರೆ ಮತ್ತೆ ಹಾರುತ್ತದೆ, ಕೆಲಸದ ಮೇಲೂ ಗಾಯ ಬೀಳುತ್ತದೆ. ಎಮರಿ ಕಲ್ಲಿನಿಂದ ಕೈಯಲ್ಲೇ ಉಜ್ಜಿ ದುಂಡಗೆ ಮಾಡಿ. ಎಲ್ಲ ಕಡೆ ಒಂದೇ ಅಳತೆ ಬೇಕಿಲ್ಲ. ಒಂದು ಕಡೆ ಎರಡು ಮಿಲಿಮೀಟರ್ ದುಂಡು, ಇನ್ನೊಂದು ಕಡೆ ಐದಾರು ಇರಲಿ. ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ದುಂಡು ಬೇಕಾಗುತ್ತದೆ.

ವೆಲ್ಡ್ ಮಾಡಿಸಿ ಅಂಚು ಕಟ್ಟಿಸಬಹುದಾ? ಆಗುತ್ತದೆ, ಆದರೆ ನೂರರಲ್ಲಿ ಕೆಲವಕ್ಕೆ ಮಾತ್ರ ಅದರ ಅಗತ್ಯವಿರುತ್ತದೆ. ಇಡೀ ಅಡೆಗಲ್ಲನ್ನು ಮೊದಲು ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಗಡಸು ಪದರ ಕೊಡುವ ಸರಿಯಾದ ರಾಡ್ ಬಳಸಿ, ಆಮೇಲೆ ಬಲು ನಿಧಾನವಾಗಿ ತಣಿಸಬೇಕು. ತಣ್ಣನೆಯ ಅಡೆಗಲ್ಲಿಗೆ ನೇರ ವೆಲ್ಡ್ ಹಾಕಿದರೆ ಪಕ್ಕದ ಉಕ್ಕು ಗಾಜಿನಂತಾಗಿ ಬಿರಿಯುತ್ತದೆ. ಇದನ್ನು ಮೊದಲೇ ಮಾಡಿ ಅನುಭವವಿರುವ ವೆಲ್ಡರ್ ಸಿಗದಿದ್ದರೆ ಇದ್ದ ಹಾಗೆಯೇ ಬಳಸಿ.

ಚಾಣ, ಸುತ್ತಿಗೆಗಳಿಗೆ ಬನ್ನಿ. ಚಾಣ, ಪಂಚ್‌ಗಳ ತಲೆ ಅಣಬೆಯಂತೆ ಅರಳಿದ್ದರೆ ಆ ಅರಳಿದ ಭಾಗವನ್ನು ಉಜ್ಜಿ ತೆಗೆಯಿರಿ. ಇದೊಂದು ಕಡೆ ಗ್ರೈಂಡರ್ ಬೇಕೇ ಬೇಕು. ಹಾಗೆಯೇ ಬಡಿದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಉಜ್ಜುವಾಗ ನೀರಿನಲ್ಲಿ ಅದ್ದುತ್ತಿರಿ, ನೀಲಿ ಬಣ್ಣ ಬರಲು ಬಿಡಬೇಡಿ. ನೀಲಿ ಬಂದರೆ ಹದ ಇಳಿಯಿತು ಎಂದರ್ಥ. ಸುತ್ತಿಗೆಯ ಮುಖ ತುಸು ಉಬ್ಬಿರಲಿ, ಅಂಚು ದುಂಡಗಿರಲಿ. ಚಪ್ಪಟೆ ಮುಖ ಸ್ವಲ್ಪ ಓರೆಯಾದರೂ ಕಬ್ಬಿಣದ ಮೇಲೆ ಅರ್ಧಚಂದ್ರದ ಗಾಯ ಬಿಡುತ್ತದೆ.

ಸುತ್ತಿಗೆಗೆ ಹೊಸ ಕಾವು, ಅಂದರೆ ಮರದ ಹಿಡಿ, ಹಾಕುವಾಗ ಮರದ ತುದಿಯಲ್ಲಿ ಕಾಣುವ ಗೆರೆಗಳನ್ನು ನೋಡಿ. ಅವು ಸುತ್ತಿಗೆ ತಲೆಯ ಉದ್ದಕ್ಕೆ ಓಡಬೇಕು, ಅಡ್ಡಕ್ಕೆ ಓಡಿದರೆ ಕಾವು ಬೇಗ ಸೀಳುತ್ತದೆ. ತುದಿಯಲ್ಲಿ ಗರಗಸದಿಂದ ಸೀಳು ಕೊಟ್ಟು, ತಲೆ ತೂರಿಸಿ, ಮರದ ಬೆಣೆ ಬಡಿಯಿರಿ. ಅದರ ಮೇಲೆ ಓರೆಯಾಗಿ ಒಂದು ಕಬ್ಬಿಣದ ಬೆಣೆ. ಸಡಿಲವಾದ ಸುತ್ತಿಗೆಯನ್ನು ನೀರಿನಲ್ಲಿ ನೆನೆಸುವ ಅಭ್ಯಾಸ ಬಿಡಿ. ಮರ ಉಬ್ಬಿ ಆ ದಿನಕ್ಕೆ ಬಿಗಿಯಾಗುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಸಡಿಲವಾಗುತ್ತದೆ.

ಇಕ್ಕಳದ ಬಾಯಿ ಸರಿಪಡಿಸುವುದು ಸುಲಭ. ಬಾಯಿಯನ್ನು ಕೆಂಪಗೆ ಕಾಯಿಸಿ. ನೀವು ಬಳಸುವ ಸರಳಿನ ತಣ್ಣನೆಯ ತುಂಡನ್ನು ಅದರಲ್ಲಿ ಕಚ್ಚಿಸಿ. ಹಿಡಿಗಳ ನಡುವೆ ಬೆರಳು ದಪ್ಪದ ಕಬ್ಬಿಣದ ತುಂಡೊಂದನ್ನು ಇಟ್ಟುಕೊಂಡು ಬಾಯಿಯನ್ನು ಬಡಿದು ಕೂರಿಸಿ. ಕೆಂಪಗಿರುವಾಗ ನೀರಿಗೆ ಅದ್ದಬೇಡಿ. ಹಳೆಯ ಇಕ್ಕಳ ಯಾವ ಉಕ್ಕಿನದೋ ಗೊತ್ತಿರುವುದಿಲ್ಲ, ಪೆಡಸಾಗಿ ಮುರಿಯಬಹುದು. ಗಾಳಿಯಲ್ಲೇ ಆರಲಿ. ಸತು ಲೇಪಿಸಿದ ಯಾವ ವಸ್ತುವನ್ನೂ ಕುಲುಮೆಗೆ ಹಾಕಬೇಡಿ, ಆ ಹೊಗೆ ಜ್ವರ ತರಿಸುತ್ತದೆ.

ಹಂತ 7: ಕೂರಿಸಿ

ಎತ್ತರದ ಅಳತೆ ನಿಮ್ಮ ದೇಹದಲ್ಲೇ ಇದೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಹಿಡಿಯಿರಿ. ಬೆರಳಿನ ಗೆಣ್ಣು ಎಲ್ಲಿ ಬರುತ್ತದೋ ಅಲ್ಲಿಗೆ ಅಡೆಗಲ್ಲಿನ ಮುಖ ಬರಲಿ. ತಗ್ಗಾದರೆ ಸೊಂಟ ಹಿಡಿಯುತ್ತದೆ, ಎತ್ತರವಾದರೆ ಭುಜ. ಸಾಮಾನ್ಯವಾಗಿ ಹೊಲಿಗೆ ಯಂತ್ರದ ಮುಂದೆ ಕೂತಂತೆ ಬಗ್ಗಿ ನೋಡುವ ಸೂಕ್ಷ್ಮ ಕೆಲಸವೇ ಜಾಸ್ತಿಯಿದ್ದರೆ ಒಂದೆರಡು ಅಂಗುಲ ಎತ್ತರಿಸಿಕೊಳ್ಳಿ.

ಗಟ್ಟಿ ಮರದ ಕೊರಡು ಒಳ್ಳೆಯದು. ಮರ ಬೆಳೆದ ದಿಕ್ಕಿನಲ್ಲೇ ನಿಲ್ಲಿಸಿ, ಮಲಗಿಸಬೇಡಿ. ಮೇಲೆ ಕೆಳಗೆ ಎರಡೂ ಕಡೆ ಸಮವಾಗಿರಬೇಕು. ಕೊರಡು ಸಿಗದಿದ್ದರೆ ದಪ್ಪ ಹಲಗೆಗಳ ಪೆಟ್ಟಿಗೆ ಮಾಡಿ ಮರಳು ತುಂಬಿ, ಅದರ ಮೇಲೆ ಕೂರಿಸಬಹುದು. ಮರಳು ಸದ್ದನ್ನೂ ಕುಡಿಯುತ್ತದೆ. ಪಾದಗಳನ್ನು ಕಬ್ಬಿಣದ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಠಣ್ ಸದ್ದು ಕಿವಿಗೆ ಒಳ್ಳೆಯದಲ್ಲ. ಸೊಂಟಕ್ಕೆ ಭಾರದ ಸರಪಳಿ ಸುತ್ತಿದರೆ, ಹಿಮ್ಮಡಿಯ ಅಡಿಗೆ ದೊಡ್ಡ ಅಯಸ್ಕಾಂತ ಅಂಟಿಸಿದರೆ ಸದ್ದು ತಗ್ಗುತ್ತದೆ. ಆದರೂ ಕಿವಿಗೆ ಹತ್ತಿ ಬೇಡ, ಸರಿಯಾದ ಕಿವಿಮುಚ್ಚು ಹಾಕಿ.

ಎತ್ತುವಾಗ ಇಬ್ಬರಿರಲಿ. ಕೊಂಬು ಹಿಡಿದು ಒಬ್ಬರೇ ತಿರುಗಿಸಲು ಹೋದರೆ ಅದು ಉರುಳುವುದು ಕಾಲಿನ ಮೇಲೇ.

ಹಂತ 8: ಮೊದಲ ದಿನದಿಂದ ಪಾಲಿಸಬೇಕಾದ್ದು

ಬರಿಯ ಮುಖದ ಮೇಲೆ ಸುತ್ತಿಗೆ ಬಡಿಯಬೇಡಿ. ಗಟ್ಟಿಗೆ ಗಟ್ಟಿ ತಾಗಿದರೆ ಎರಡರಲ್ಲಿ ಒಂದು ಹಾರುತ್ತದೆ. ನಡುವೆ ಕಾದ ಕಬ್ಬಿಣ ಇದ್ದೇ ಇರಬೇಕು.

ಬಣ್ಣ ನೋಡಿ ಬಡಿಯಿರಿ. ಸಾಮಾನ್ಯ ಮೆದು ಉಕ್ಕನ್ನು ಹಳದಿ ತಿರುಗಿದ ಕಿತ್ತಳೆ ಬಣ್ಣದಲ್ಲಿ, ಅಂದರೆ ಸುಮಾರು 1100 ಡಿಗ್ರಿಯಲ್ಲಿ ಹೊರತೆಗೆಯಿರಿ. ಕೆಂಪು ಮಂಕಾಗುತ್ತಾ ಬಂದಾಗ, ಸುಮಾರು 750ಕ್ಕೆ, ನಿಲ್ಲಿಸಿ ಮತ್ತೆ ಕುಲುಮೆಗೆ ಹಾಕಿ. ಇನ್ನೆರಡು ಪೆಟ್ಟು ಎಂಬ ಆಸೆಯೇ ಕೆಲಸಕ್ಕೂ ಅಡೆಗಲ್ಲಿಗೂ ಏಟು ಕೊಡುವುದು. ಬಿಸಿಲಿನಲ್ಲಿ ಬಣ್ಣ ಮೋಸ ಮಾಡುತ್ತದೆ, ನೆರಳಿನಲ್ಲಿ ಕೆಲಸ ಮಾಡಿ. ಕಿಡಿ ಚಿಮ್ಮತೊಡಗಿದರೆ ಕಬ್ಬಿಣ ಸುಟ್ಟಿತು ಎಂದರ್ಥ, ಆ ತುದಿಯನ್ನು ಕತ್ತರಿಸಿ ಎಸೆಯಬೇಕು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಬೇಡಿ. ಅದರ ಅನಿಲಕ್ಕೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ.

ಭಾರದ ಪೆಟ್ಟುಗಳು ಸೊಂಟದ ನೇರ ಮೇಲೆ ಬೀಳಲಿ. ಸಮ್ಮಟಿಗೆಯಿಂದ ಹಿಮ್ಮಡಿಯ ಮೇಲೆ ಬಡಿಯುವವರೇ ಅದನ್ನು ಮುರಿದುಕೊಳ್ಳುವುದು. ಚೌಕ ತೂತಿನಲ್ಲಿ ಸಲಕರಣೆ ಸಡಿಲವಾಗಿ ಕೂರಬೇಕು, ಬೆಣೆಯಂತೆ ಬಿಗಿದರೆ ಮೂಲೆಯಿಂದ ಬಿರುಕು ಶುರುವಾಗುತ್ತದೆ.

ಹಾರ್ಡಿಯ ಮೇಲೆ ಕತ್ತರಿಸುವಾಗ ಕೊನೆಯ ಎಳೆ ಉಳಿಯುವಷ್ಟರಲ್ಲಿ ನಿಲ್ಲಿಸಿ, ಅಂಚಿಗೆ ತಂದು ಬಾಗಿಸಿ ಮುರಿಯಿರಿ. ಪೂರ್ತಿ ಕತ್ತರಿಸಿದರೆ ಸುತ್ತಿಗೆ ಹಾರ್ಡಿಯ ಬಾಯಿಗೇ ತಾಗುತ್ತದೆ. ಕತ್ತರಿಸಿ ಆದ ಕೂಡಲೇ ಹಾರ್ಡಿಯನ್ನು ತೂತಿನಿಂದ ತೆಗೆದಿಡಿ. ಅದು ಅಲ್ಲೇ ಇದ್ದು, ಮುಂದಿನ ಕೆಲಸದಲ್ಲಿ ಸುತ್ತಿಗೆ ಬೀಸುವ ಕೈ ಅದರ ಮೇಲೆ ಇಳಿದರೆ ಬೆರಳು ಹೋಗುತ್ತದೆ. ಈ ಒಂದು ಮಾತನ್ನು ಕಲಿಯುವವರಿಗೆ ನಾನು ದಿನಾ ಹೇಳುತ್ತೇನೆ.

ಚಳಿ ಜೋರಾಗಿರುವ ಕಡೆ ಬೆಳಗ್ಗೆ ಕೆಲಸಕ್ಕೆ ಮುನ್ನ ಒಂದು ಕಾದ ಕಬ್ಬಿಣದ ತುಂಡನ್ನು ಮುಖದ ಮೇಲೆ ಇಟ್ಟು ಬೆಚ್ಚಗೆ ಮಾಡಿ. ಕೊರೆಯುವ ಚಳಿಯಲ್ಲಿ ಉಕ್ಕು ಬೇಗ ಒಡೆಯುತ್ತದೆ. ಕೈ ಇಟ್ಟರೆ ಉಗುರುಬೆಚ್ಚಗೆ ಅನಿಸಿದರೆ ಸಾಕು.

ಸಂಜೆ ಕುಲುಮೆ ಆರಿಸಿದ ಮೇಲೆ ಹೊಪ್ಪಳೆ ಗುಡಿಸಿ, ಎಣ್ಣೆ ಬಟ್ಟೆಯಿಂದ ಮುಖವನ್ನೊಮ್ಮೆ ಒರೆಸಿ. ಚೌಕ ತೂತಿನ ಒಳಗೂ ಒರೆಸಿ. ಬೂದಿ, ತೇವ ಸೇರಿ ತುಕ್ಕು ಮೊದಲು ಹಿಡಿಯುವುದು ಅಲ್ಲೇ.